ಸಿಗ್ನಲ್ ತಡೆಯುವ ಫೋನ್ ಪೌಚ್: ಕೆಲಸ ಮಾಡುತ್ತದೆ, ಆದರೆ ಫ್ರೀಡಂ ಪಾರ್ಕ್‌ಗೆ ಹೋಗುವವರಿಗೆ ಇದು ಬೇಕಾ?

ಮೊದಲೇ ಹೇಳಿಬಿಡುತ್ತೇನೆ. ಪೌಚ್ ಕೆಲಸ ಮಾಡುತ್ತದೆ. ಫೋನ್ ಒಳಗೆ ಹಾಕಿ ಬಾಯಿ ಸರಿಯಾಗಿ ಮಡಚಿ ಮುಚ್ಚಿದರೆ ನೆಟ್‌ವರ್ಕ್ ಸತ್ತಂತೆಯೇ. ಕರೆ ಬರುವುದಿಲ್ಲ, ವೈಫೈ ಇಲ್ಲ, ಬ್ಲೂಟೂತ್ ಇಲ್ಲ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೂ ಬೆಂಗಳೂರಿನ ಫ್ರೀಡಂ ಪಾರ್ಕಿಗೆ ಪ್ರತಿಭಟನೆಗೆ ಅಂತ ಹೋಗುವ ಬಹಳಷ್ಟು ಜನರಿಗೆ ಇದು ಬೇಕಾಗಿಲ್ಲ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಹೇಳುವುದಕ್ಕೆ ಸ್ವಲ್ಪ ಜಾಗ ಬೇಕು, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಇದನ್ನು ಫ್ಯಾರಡೇ ಪೌಚ್ ಅಂತಾರೆ. ನೋಡುವುದಕ್ಕೆ ಕನ್ನಡಕದ ಕಪ್ಪು ಚೀಲವನ್ನು ಸ್ವಲ್ಪ ದೊಡ್ಡದು ಮಾಡಿದ ಹಾಗಿದೆ. ಹೊರಗೆ ಮಾಮೂಲಿ ನೈಲಾನ್ ಬಟ್ಟೆ. ಒಳಗೆ ಬೂದು ಬಣ್ಣದ, ಮುಟ್ಟಿದರೆ ಸ್ವಲ್ಪ ಗರಿಗರಿ ಅನ್ನಿಸುವ ಬಟ್ಟೆ, ಅದರ ಎಳೆಗಳಿಗೆ ತಾಮ್ರ, ನಿಕ್ಕಲ್ ಲೇಪ ಇರುತ್ತದೆ. ರೇಡಿಯೋ ಅಲೆ ಆ ಲೋಹದ ಪದರ ದಾಟಿ ಒಳಗೆ ಬರುವುದಿಲ್ಲ, ಒಳಗಿಂದ ಹೊರಗೂ ಹೋಗುವುದಿಲ್ಲ. ಬ್ಯಾಟರಿ ಇಲ್ಲ, ಸ್ವಿಚ್ ಇಲ್ಲ. ಇದು ಜಾಮರ್ ಅಲ್ಲ, ಅದನ್ನು ಸ್ಪಷ್ಟ ಮಾಡಿಬಿಡುತ್ತೇನೆ. ಜಾಮರ್ ಸುತ್ತಲಿನ ಎಲ್ಲರ ಸಿಗ್ನಲ್ ಕೆಡಿಸುತ್ತದೆ, ಖಾಸಗಿಯವರು ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವುದೇ ಕಾನೂನುಬಾಹಿರ. ಈ ಪೌಚ್ ತನ್ನೊಳಗಿನ ಫೋನನ್ನು ಮಾತ್ರ ಮುಚ್ಚುತ್ತದೆ.

ಎಲ್ಲಿ ಸಿಗುತ್ತದೆ? ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್‌ಪಿ ರೋಡಲ್ಲಿ ಕೇಳಿದೆ. ಒಂದು ಅಂಗಡಿಯವರು ಮಳೆಗೆ ಹಾಕುವ ಪ್ಲಾಸ್ಟಿಕ್ ಕವರ್ ತೋರಿಸಿದರು, ಇನ್ನೊಬ್ಬರು ಲ್ಯಾಪ್‌ಟಾಪ್ ಬ್ಯಾಗ್ ತೋರಿಸಿದರು. "ಸಿಗ್ನಲ್ ಬರದೇ ಇರೋ ಹಂಗೆ ಮಾಡೋದಾ? ಎಲ್ಲರೂ ಸಿಗ್ನಲ್ ಬರೋ ಹಂಗೆ ಮಾಡಿ ಅಂತ ಬರ್ತಾರೆ ಸಾರ್" ಅಂತ ನಕ್ಕರು. ಕೊನೆಗೆ ಸುಳಿವು ಸಿಕ್ಕಿದ್ದು ಜೆಸಿ ರೋಡಲ್ಲಿ. ಕಾರ್ ಆಕ್ಸೆಸರಿ ಅಂಗಡಿಗಳಲ್ಲಿ ಕೀಲೆಸ್ ಕಾರುಗಳ ಕೀ ಇಡುವುದಕ್ಕೆ ಇದೇ ಬಟ್ಟೆಯ ಪುಟ್ಟ ಪೌಚ್ ಇರುತ್ತದೆ. ಕೀ ಸಿಗ್ನಲ್ ಕದ್ದು ಕಾರು ಕದಿಯುವವರನ್ನು ತಡೆಯುವುದಕ್ಕೆ ಮಾಡಿದ್ದು. ಅದರಲ್ಲಿ ಫೋನ್ ಹಿಡಿಸುವುದಿಲ್ಲ. ಫೋನ್ ಸೈಜಿನದು ಆನ್‌ಲೈನ್‌ನಲ್ಲೇ ತರಿಸಬೇಕಾಯಿತು. ಸಾವಿರ ರೂಪಾಯಿ ಒಳಗೆ ಬಂತು. ಇನ್ನೂ ಅಗ್ಗದವೂ ಇವೆ, ನಾಲ್ಕು ಪಟ್ಟು ಬೆಲೆಯವೂ ಇವೆ. ಬ್ರ್ಯಾಂಡ್ ಹೆಸರು ಹೇಳುತ್ತಿಲ್ಲ, ಒಂದೇ ಮಾಲು ಬೇರೆ ಬೇರೆ ಲೇಬಲ್ ಹಚ್ಚಿಕೊಂಡು ಬರುವ ಥರ ಕಾಣುತ್ತದೆ.

ಈಗ ಪರೀಕ್ಷೆ. ಫೋನ್ ಒಳಗೆ ಹಾಕಿ, ಮುಚ್ಚಿ, ತಕ್ಷಣ ಇನ್ನೊಂದು ಫೋನಿಂದ ಕರೆ ಮಾಡಿದರೆ ಸ್ವಲ್ಪ ಹೊತ್ತು ಏನೂ ಕೇಳಿಸುವುದಿಲ್ಲ, ನೆಟ್‌ವರ್ಕ್ ಇನ್ನೂ ಫೋನನ್ನು ಹುಡುಕುತ್ತಾ ಇರುತ್ತದೆ. ಒಂದೆರಡು ನಿಮಿಷ ಬಿಟ್ಟು ಮಾಡಿದರೆ "ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ" ಎಂಬ ಹಳೇ ಪರಿಚಿತ ದನಿ. ವಾಟ್ಸಾಪ್ ಕರೆ ಮಾಡಿದರೆ "ಕಾಲಿಂಗ್" ಅಂತಲೇ ನಿಂತಿರುತ್ತದೆ, "ರಿಂಗಿಂಗ್" ಆಗುವುದಿಲ್ಲ. ಬ್ಲೂಟೂತ್ ಸ್ಪೀಕರಿಗೆ ಹಾಡು ಹಾಕಿ ಫೋನನ್ನು ಪೌಚಿಗೆ ಇಳಿಸಿದರೆ ಹಾಡು ಕ್ಷಣ ತೊದಲಿ ನಿಲ್ಲುತ್ತದೆ. ಇಲ್ಲೇ ಒಂದು ಸೂಕ್ಷ್ಮ ಇದೆ. ಬಾಯಿಯನ್ನು ಒಂದು ಸಲ ಮಾತ್ರ ಮಡಚಿ ವೆಲ್ಕ್ರೋ ಒತ್ತಿದರೆ ಹಾಡು ನಿಲ್ಲಲಿಲ್ಲ, ಒಡೆದೊಡೆದು ಬರುತ್ತಲೇ ಇತ್ತು. ಎರಡು ಸಲ ಮಡಚಿದ ಮೇಲೆ ಪೂರ್ತಿ ನಿಂತಿತು. ಅಂದರೆ ಒಂದು ಬೆರಳಿನಷ್ಟು ಸಂದು ಸಾಕು, ಸೋರುತ್ತದೆ. ದೊಡ್ಡ ಫೋನ್ ಇದ್ದು, ದಪ್ಪ ಕವರ್ ಬೇರೆ ಹಾಕಿದ್ದರೆ ಬಾಯಿ ಎರಡು ಸಲ ಮಡಚುವುದಕ್ಕೆ ಜಾಗವೇ ಉಳಿಯುವುದಿಲ್ಲ. ಕೊಳ್ಳುವ ಮುಂಚೆ ಅಳತೆ ನೋಡಿ, ಫೋನ್ ಇಟ್ಟ ಮೇಲೂ ಎರಡು ಸಲ ಮಡಚುವಷ್ಟು ಉದ್ದ ಇರಲಿ.

ಪರೀಕ್ಷೆಯನ್ನು ಸಿಗ್ನಲ್ ಚೆನ್ನಾಗಿರುವ ಜಾಗದಲ್ಲಿ ಮಾಡಿ. ಬೇಸ್‌ಮೆಂಟ್ ಪಾರ್ಕಿಂಗಲ್ಲಿ ಮಾಡಿದರೆ ಉಪ್ಪಿನಕಾಯಿ ಡಬ್ಬಿಯೂ ಪಾಸಾಗುತ್ತದೆ. ಮೆಜೆಸ್ಟಿಕ್, ಗಾಂಧಿನಗರದ ಸುತ್ತ ಸಿಗ್ನಲ್ ಜೋರಾಗಿರುತ್ತದೆ, ಅಲ್ಲಿ ನಿಂತರೆ ಒಪ್ಪಬಹುದು.

ಇನ್ನೆರಡು ವಿಷಯ. ಪೌಚ್ ಒಳಗೆ ಫೋನ್ ಆನ್ ಇದ್ದರೆ ಅದು ಟವರ್ ಹುಡುಕುತ್ತಲೇ ಇರುತ್ತದೆ, ಬ್ಯಾಟರಿ ಬೇಗ ಇಳಿಯುತ್ತದೆ, ಕೈಗೆ ಬೆಚ್ಚಗೂ ಆಗುತ್ತದೆ. ಆದ್ದರಿಂದ ಮೊದಲು ಏರೋಪ್ಲೇನ್ ಮೋಡ್ ಹಾಕಿ, ಆಮೇಲೆ ಒಳಗೆ ಇಡಿ. ಎರಡನೆಯದು, ಪೌಚ್ ತಡೆಯುವುದು ರೇಡಿಯೋ ಅಲೆಯನ್ನು ಮಾತ್ರ. ಶಬ್ದವನ್ನು ಅಲ್ಲ. ಅಲಾರಂ ಒಳಗಿಂದಲೇ ಬಡಿಯುತ್ತದೆ, ಮೈಕ್ ಕೂಡ ಕೇಳಿಸಿಕೊಳ್ಳುತ್ತದೆ. ಫೋನಲ್ಲಿ ಕದ್ದು ಕೇಳುವ ಸಾಫ್ಟ್‌ವೇರ್ ಇದ್ದರೆ ಅದು ರೆಕಾರ್ಡ್ ಮಾಡಿಟ್ಟುಕೊಂಡು ಹೊರಗೆ ತೆಗೆದ ಮೇಲೆ ಕಳಿಸಬಹುದು. ಹೆಜ್ಜೆ ಎಣಿಸುವ ಆ್ಯಪ್ ಕೂಡ ಒಳಗೆ ಕೂತು ಹೆಜ್ಜೆ ಎಣಿಸುತ್ತಲೇ ಇರುತ್ತದೆ.

ಸರಿ, ಇಷ್ಟೆಲ್ಲ ಮಾಡಿ ನಾವು ಯಾರಿಂದ ಏನನ್ನು ಮುಚ್ಚಿಡುತ್ತಿದ್ದೇವೆ?

ಫೋನ್ ಆನ್ ಇದ್ದಷ್ಟೂ ಹೊತ್ತು ಹತ್ತಿರದ ಟವರ್ ಜೊತೆ ಮಾತಾಡುತ್ತಿರುತ್ತದೆ. ನೀವು ಕರೆ ಮಾಡದಿದ್ದರೂ ಸರಿ. ಯಾವ ಸಿಮ್, ಯಾವ ಹ್ಯಾಂಡ್‌ಸೆಟ್, ಯಾವ ಟವರ್, ಎಷ್ಟು ಹೊತ್ತಿಗೆ ಎಂಬುದೆಲ್ಲ ಕಂಪನಿಯ ದಾಖಲೆಗೆ ಬೀಳಬಹುದು. ನಮ್ಮ ದೇಶದ ಲೈಸೆನ್ಸ್ ನಿಯಮದಂತೆ ಕರೆ ದಾಖಲೆಗಳನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕು. ಮುಂಚೆ 1 ವರ್ಷ ಇತ್ತು, 2021ರ ಡಿಸೆಂಬರ್‌ನಲ್ಲಿ ಹೆಚ್ಚಿಸಿದರು. ಸಿಮ್ ನಿಮ್ಮ ಗುರುತಿನ ಚೀಟಿಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಒಂದು ಟವರ್ ಕೆಳಗೆ ಇಂಥ ಹೊತ್ತಲ್ಲಿ ಯಾವ್ಯಾವ ನಂಬರ್ ಇದ್ದವು ಎಂದು ಪೊಲೀಸರು ಪಟ್ಟಿ ತರಿಸಿಕೊಂಡರೆ ಅದರಲ್ಲಿ ನಿಮ್ಮ ನಂಬರ್ ಇರಬಹುದು. ಇದನ್ನೇ ಟವರ್ ಡಂಪ್ ಅಂತಾರೆ. ಶೇಷಾದ್ರಿ ರಸ್ತೆಯಲ್ಲಿ ಬಸ್ಸಲ್ಲಿ ಹೋಗುತ್ತಿದ್ದವರ ನಂಬರೂ ಅದರಲ್ಲಿ ಇರಬಹುದು, ಅದು ಬೇರೆ ಮಾತು.

ಪೌಚ್ ತಡೆಯುವುದು ಇದನ್ನು. ಆದರೆ ಜನ ಅದನ್ನು ಬಳಸುವ ರೀತಿ ನೋಡಿದರೆ ನಗು ಬರುತ್ತದೆ. ಮನೆಯಿಂದ ಫೋನ್ ಆನ್ ಇಟ್ಟುಕೊಂಡೇ ಹೊರಡುತ್ತಾರೆ, ಮೆಟ್ರೋದಲ್ಲಿ ರೀಲ್ಸ್ ನೋಡುತ್ತಾರೆ, ಸೆಂಟ್ರಲ್ ಕಾಲೇಜು ಸ್ಟೇಷನ್ನಲ್ಲಿ ಇಳಿದು ಫ್ರೀಡಂ ಪಾರ್ಕ್ ಗೇಟಿನ ಹತ್ತಿರ ಬಂದು ಆಗ ಪೌಚಿಗೆ ಹಾಕುತ್ತಾರೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ಆ ಗೇಟಿನ ಟವರಲ್ಲೇ ನಿಮ್ಮ ಕೊನೆಯ ದಾಖಲೆ ಬಿದ್ದಿರುತ್ತದೆ, ಎರಡು ಗಂಟೆ ಬಿಟ್ಟು ಅಲ್ಲೇ ಮತ್ತೆ ಎದ್ದು ಕೂರುತ್ತದೆ. ನಡುವೆ ಒಂದು ಫೋಟೋ ಕಳಿಸೋಣ ಅಂತ ಹೊರಗೆ ತೆಗೆದರೂ ಅಷ್ಟೇ. ಪೌಚಿಂದ ನಿಜವಾದ ಪ್ರಯೋಜನ ಆಗಬೇಕಾದರೆ ಮನೆಯಲ್ಲೇ ಮುಚ್ಚಬೇಕು, ಮನೆಗೆ ಬಂದೇ ತೆಗೆಯಬೇಕು. ಹಾಗೆ ಮಾಡುವುದಾದರೆ ಫೋನನ್ನು ಮನೆಯಲ್ಲೇ ಬಿಟ್ಟು ಹೋಗಬಹುದಲ್ವಾ? ಅದು ಫ್ರೀ.

ಏರೋಪ್ಲೇನ್ ಮೋಡ್ ಕೂಡ ಫ್ರೀ. ಅದು ಟವರ್ ಸಂಪರ್ಕ ಕಡಿಯುತ್ತದೆ. ಆದರೆ ಒಂದು ಸಲ ಆ ಮೋಡಲ್ಲೇ ಬ್ಲೂಟೂತ್ ಅಥವಾ ವೈಫೈ ಆನ್ ಮಾಡಿದ್ದರೆ ಮುಂದಿನ ಸಲ ಅದು ಆನ್ ಆಗಿಯೇ ಉಳಿಯಬಹುದು, ಕಣ್ಣಿಂದ ನೋಡಿ ಆಫ್ ಮಾಡಬೇಕು. ಜಿಪಿಎಸ್ ಏರೋಪ್ಲೇನ್ ಮೋಡಲ್ಲೂ ಕೆಲಸ ಮಾಡುತ್ತದೆ, ಯಾಕೆಂದರೆ ಅದು ಬರೀ ಕೇಳಿಸಿಕೊಳ್ಳುವ ಯಂತ್ರ, ಏನನ್ನೂ ಕಳಿಸುವುದಿಲ್ಲ. ಲೊಕೇಶನ್ ಬೇರೆಯಾಗಿ ಆಫ್ ಮಾಡಿ. ಪೂರ್ತಿ ಸ್ವಿಚ್ ಆಫ್ ಮಾಡಿದರೆ ಇನ್ನೂ ಒಳ್ಳೆಯದು, ಆದರೆ ಈಚಿನ ಐಫೋನ್‌ಗಳು ಆಫ್ ಆದ ಮೇಲೂ ಕಳೆದುಹೋದರೆ ಹುಡುಕಲಿ ಅಂತ ಸಣ್ಣದಾಗಿ ಬ್ಲೂಟೂತ್ ಸುಳಿವು ಬಿಡುತ್ತಿರುತ್ತವೆ. ಆಫ್ ಮಾಡುವ ಪರದೆಯಲ್ಲೇ ಅದನ್ನು ನಿಲ್ಲಿಸುವ ಆಯ್ಕೆ ಇದೆ, ಯಾರೂ ನೋಡುವುದಿಲ್ಲ ಅಷ್ಟೇ. ಇಷ್ಟು ಮಾಡಿದವರಿಗೆ ಪೌಚಿಂದ ಸಿಗುವ ಹೆಚ್ಚಿನ ಲಾಭ ಸ್ವಲ್ಪವೇ. ಇಷ್ಟನ್ನು ನೆನಪಿಟ್ಟು ಮಾಡುವ ತಾಳ್ಮೆ ಇಲ್ಲದವರಿಗೆ ಪೌಚ್ ವಾಸಿ, ಒಳಗೆ ಹಾಕಿದರೆ ಎಲ್ಲ ಒಟ್ಟಿಗೆ ಬಂದ್.

ಪೌಚ್ ಎಷ್ಟೇ ಒಳ್ಳೆಯದಿರಲಿ, ನಿಮ್ಮ ಮುಖಕ್ಕೆ ಪೌಚ್ ಇಲ್ಲ. ಸೇಫ್ ಸಿಟಿ ಯೋಜನೆಯಲ್ಲಿ ಬೆಂಗಳೂರಿನ ತುಂಬಾ ಏಳು ಸಾವಿರಕ್ಕೂ ಹೆಚ್ಚು ಕ್ಯಾಮೆರಾ ಹಾಕಿದ್ದಾರೆ, ಮುಖ ಗುರುತಿಸುವ ವ್ಯವಸ್ಥೆಯೂ ಅದರ ಭಾಗ. 2021ರ ಪೊಲೀಸ್ ಆದೇಶದ ನಂತರ ನಗರದಲ್ಲಿ ಧರಣಿ, ಪ್ರತಿಭಟನೆ ಅಂದರೆ ಫ್ರೀಡಂ ಪಾರ್ಕೇ. ಮುಂಚೆ ಟೌನ್ ಹಾಲ್ ಮೆಟ್ಟಿಲು, ಮೈಸೂರು ಬ್ಯಾಂಕ್ ಸರ್ಕಲ್, ಮೌರ್ಯ ಸರ್ಕಲ್ಲಿನ ಗಾಂಧಿ ಪ್ರತಿಮೆ ಅಂತ ಹಂಚಿಹೋಗುತ್ತಿತ್ತು. ಈಗ ಎಲ್ಲರೂ ಒಂದೇ ಕಡೆ ಸೇರಬೇಕು, ಗೇಟಲ್ಲಿ ಪೊಲೀಸರು ವಿಡಿಯೋ ಮಾಡುತ್ತಿರುತ್ತಾರೆ, ಟಿವಿಯವರು ಇರುತ್ತಾರೆ. ಹಳೇ ಸೆಂಟ್ರಲ್ ಜೈಲು ಅದು, ಎಮರ್ಜೆನ್ಸಿಯಲ್ಲಿ ವಾಜಪೇಯಿ, ಆಡ್ವಾಣಿ ಅವರನ್ನೆಲ್ಲ ಇಟ್ಟಿದ್ದ ಜಾಗ. ಜೈಲಿನ ಕಾವಲು ಗೋಪುರದ ಕೆಳಗೆ ನಿಂತು ನನ್ನ ಫೋನ್ ಲೊಕೇಶನ್ ಯಾರಿಗೂ ಗೊತ್ತಾಗಬಾರದು ಅಂತ ಒದ್ದಾಡುವುದು ಒಂದು ಥರ ತಮಾಷೆಯೇ. ಧೂಳಿಗೆ ಮಾಸ್ಕ್ ಹಾಕುವುದು ನಮ್ಮೂರಲ್ಲಿ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಹಾಕಿಕೊಳ್ಳಿ. ಕಂಪನಿ ಹೆಸರಿರುವ ಟಿ-ಶರ್ಟ್, ಕೊರಳಲ್ಲಿ ಆಫೀಸ್ ಐಡಿ ಕಾರ್ಡ್, ಕಾಲೇಜು ಬ್ಯಾಗ್ ಬೇಡ. ಐಟಿಯವರು ಇದನ್ನು ಮರೆಯುವುದೇ ಜಾಸ್ತಿ, ಆ ಟ್ಯಾಗ್ ಮೈಗೆ ಅಂಟಿಕೊಂಡೇ ಬಂದಿರುತ್ತದೆ.

ಆಮೇಲೆ ದುಡ್ಡಿನ ಹೆಜ್ಜೆಗುರುತು. ಫೋನ್ ಪೌಚಲ್ಲಿ ಇಟ್ಟು, ಮೆಟ್ರೋಗೆ ಕ್ಯೂಆರ್ ಟಿಕೆಟ್ ವಾಟ್ಸಾಪಲ್ಲಿ ತೆಗೆದುಕೊಂಡಿದ್ದರೆ ಏನು ಬಂತು? ಗೇಟ್ ಹತ್ತಿರದ ಗಾಡಿಯಲ್ಲಿ ಟೀ ಕುಡಿದು ಹತ್ತು ರೂಪಾಯಿ ಯುಪಿಐ ಮಾಡಿದರೂ ಹೊತ್ತು, ಜಾಗ, ಹೆಸರು ಎಲ್ಲ ದಾಖಲೆಯಾಯಿತು. ಕ್ಯಾಬ್ ಆ್ಯಪ್ ಬಿಡಿ, ಅದರಲ್ಲಿ ಮನೆ ಬಾಗಿಲಿಂದ ಪಾರ್ಕ್ ಬಾಗಿಲವರೆಗೆ ನಕ್ಷೆ ಸಮೇತ ಇರುತ್ತದೆ. ಜೇಬಲ್ಲಿ ಸ್ವಲ್ಪ ಚಿಲ್ಲರೆ ಇಟ್ಟುಕೊಳ್ಳಿ. ಕೌಂಟರಲ್ಲಿ ಟೋಕನ್ ತೆಗೆದುಕೊಳ್ಳಿ, ಇಲ್ಲ ಬಿಎಂಟಿಸಿ ಹತ್ತಿ.

ಇನ್ನು ನನ್ನ ಪ್ರಕಾರ ಅಸಲಿ ವಿಷಯ. ಪ್ರತಿಭಟನೆಗೆ ಹೋದ ಸಾಮಾನ್ಯ ಮನುಷ್ಯನಿಗೆ ತೊಂದರೆ ಬರುವುದು ಟವರ್ ಡಂಪಿಂದ ಅಲ್ಲ. ಬಹಳ ಸಲ ಅದು ಒಂದು ಫೋಟೋದಿಂದ, ಒಂದು ವಾಟ್ಸಾಪ್ ಗ್ರೂಪಿಂದ, ಲಾಕ್ ಇಲ್ಲದ ಒಂದು ಫೋನಿಂದ ಬರುತ್ತದೆ. ನೋಡುವವರೂ ಪೊಲೀಸರೇ ಆಗಬೇಕಿಲ್ಲ. ಮ್ಯಾನೇಜರ್, ಪ್ರಿನ್ಸಿಪಾಲ್, ಮನೆ ಓನರ್, ಅಷ್ಟೇ ಯಾಕೆ, ಊರಲ್ಲಿರುವ ಚಿಕ್ಕಪ್ಪ.

ಪೌಚನ್ನು ನಮ್ಮ ಬೀದಿಯ ಆಶಾ ಕಾರ್ಯಕರ್ತೆ ಅಕ್ಕನಿಗೆ ತೋರಿಸಿದೆ. 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಗೌರವಧನಕ್ಕಾಗಿ ಫ್ರೀಡಂ ಪಾರ್ಕಲ್ಲಿ ಚಳಿಯಲ್ಲೇ ಹಗಲು ರಾತ್ರಿ ಕೂತಿದ್ದರಲ್ಲ, ಅದರಲ್ಲಿ ಇವರೂ ಇದ್ದರು. ಪೌಚನ್ನು ತಿರುಗಿಸಿ ಮುರುಗಿಸಿ ನೋಡಿದರು, ವೆಲ್ಕ್ರೋ ಎರಡು ಸಲ ಚರ್ ಅನ್ನಿಸಿದರು. "ಇದ್ರೊಳಗೆ ಇಟ್ರೆ ಮಗು ಸ್ಕೂಲಿಂದ ಬಂದು ಫೋನ್ ಮಾಡಿದ್ರೆ ಏನ್ ಮಾಡ್ಲಪ್ಪ? ನಾವೇನು ಕದ್ದು ಹೋಗಿದ್ವಾ? ಹೆಸರು ಬರೆಸಿ, ಸೀರೆ ಬಣ್ಣ ಹೇಳಿ, ಬಸ್ ಮಾಡ್ಕೊಂಡು ಹೋಗಿದ್ದು." ಪಿಂಕ್ ಸೀರೆಯ ಸಮುದ್ರದಲ್ಲಿ ಮುಚ್ಚಿಡುವುದಕ್ಕೆ ಏನಿದೆ, ನಿಜ. ಎಣಿಕೆಗೆ ಸಿಗುವುದೇ ಅವರ ಬಲ. ಆದರೆ ಆಮೇಲೆ ಅವರೇ ಇನ್ನೊಂದು ಹೇಳಿದರು: "ಮೇಲಿನೋರು ಇರೋ ಗ್ರೂಪಲ್ಲೇ ಯಾರೋ ಧಿಕ್ಕಾರ ಕೂಗೋ ವಿಡಿಯೋ ಹಾಕ್ಬಿಟ್ರು, ಅದೇ ತಲೆನೋವಾಗಿದ್ದು." ಕೆಲಸದ ಗ್ರೂಪಿಗೂ ಹೋರಾಟದ ಗ್ರೂಪಿಗೂ ಬೆರಳು ತಪ್ಪುವಷ್ಟೇ ದೂರ. ಇದಕ್ಕೆ ಯಾವ ತಾಮ್ರದ ಬಟ್ಟೆಯೂ ಮದ್ದಲ್ಲ.

ಅದಕ್ಕೇ ಪೌಚ್ ಕೊಳ್ಳುವ ಮುಂಚೆ ಅರ್ಧ ಗಂಟೆ ಫೋನ್ ಜೊತೆ ಕೂರಿ ಅಂತೀನಿ. ಬೆರಳಚ್ಚು, ಮುಖದ ಲಾಕ್ ತೆಗೆದು ಆರಂಕಿ ಅಥವಾ ಅದಕ್ಕಿಂತ ಉದ್ದದ ಪಿನ್ ಹಾಕಿ. ಗಲಾಟೆಯಲ್ಲಿ ಯಾರಾದರೂ ಕೈ ಹಿಡಿದು ಬೆರಳು ಒತ್ತಿಸಬಹುದು, ಫೋನನ್ನು ಮುಖಕ್ಕೆ ಹಿಡಿಯಬಹುದು, ತಲೆಯೊಳಗಿನ ಪಿನ್ ಹಾಗೆ ಕಿತ್ತುಕೊಳ್ಳಲು ಆಗುವುದಿಲ್ಲ. ದಿನಾ ಪಿನ್ ಒತ್ತುವುದು ಬೇಜಾರು ಅನ್ನುವವರಿಗೆ ಆಂಡ್ರಾಯ್ಡ್‌ನಲ್ಲಿ ಪವರ್ ಬಟನ್ ಒತ್ತಿ ಹಿಡಿದರೆ ಬರುವ ಮೆನುವಿನಲ್ಲಿ ಲಾಕ್‌ಡೌನ್ ಅಂತ ಇರುತ್ತದೆ, ಕೆಲವು ಫೋನ್‌ಗಳಲ್ಲಿ ಅದನ್ನು ಸೆಟ್ಟಿಂಗ್ಸ್‌ಗೆ ಹೋಗಿ ಆನ್ ಮಾಡಿಕೊಳ್ಳಬೇಕು. ಒತ್ತಿದರೆ ಮುಂದಿನ ಸಲ ಪಿನ್ ಇಲ್ಲದೆ ತೆಗೆಯುವುದಿಲ್ಲ. ಈಚಿನ ಐಫೋನಲ್ಲಿ ಪಕ್ಕದ ಬಟನ್ನು ಮತ್ತು ವಾಲ್ಯೂಮ್ ಬಟನ್ನು ಒಟ್ಟಿಗೆ ಸ್ವಲ್ಪ ಹೊತ್ತು ಒತ್ತಿ ಹಿಡಿದರೂ ಅದೇ ಕೆಲಸ ಆಗುತ್ತದೆ. ಜೇಬಿನೊಳಗೇ ಮಾಡಬಹುದು. ಇನ್ನೂ ಗಟ್ಟಿ ಬೇಕಾದರೆ ಫೋನ್ ಸ್ವಿಚ್ ಆಫ್ ಮಾಡಿ. ಮತ್ತೆ ಆನ್ ಮಾಡಿ ಪಿನ್ ಒತ್ತುವವರೆಗೆ ಒಳಗಿನ ಮಾಹಿತಿಯ ಬೀಗದ ಕೀ ಮೆಮೊರಿಯಲ್ಲೇ ಇರುವುದಿಲ್ಲ, ತೆಗೆಸುವುದು ಬಹಳ ಕಷ್ಟ.

ಲಾಕ್ ಇದ್ದರೂ ಪರದೆ ಮೇಲೆ ಮೆಸೇಜ್ ತೇಲಿ ಬಂದರೆ ಏನು ಪ್ರಯೋಜನ? "ಎಲ್ಲಿದ್ದೀಯಾ, ಪೊಲೀಸ್ ಬಂದ್ರಾ" ಅಂತ ಗೆಳೆಯನ ಹೆಸರಿನ ಸಮೇತ ಹೊಳೆಯುತ್ತಿರುತ್ತದೆ. ನೋಟಿಫಿಕೇಶನ್ ಒಳಗಿನ ವಿಷಯ ಲಾಕ್ ಪರದೆಯಲ್ಲಿ ಕಾಣದ ಹಾಗೆ ಮಾಡಿ. ಒಂದು ಸಮಾಧಾನ ಅಂದರೆ ಲಾಕ್ ತೆಗೆಯದೆಯೇ ಕ್ಯಾಮೆರಾ ಬಳಸಬಹುದು, ಫೋಟೋ ತೆಗೆಯುವುದಕ್ಕೆ ಪ್ರತಿ ಸಲ ಫೋನ್ ಬಿಚ್ಚಬೇಕಾಗಿಲ್ಲ.

ಪೊಲೀಸರು ಪಾಸ್‌ವರ್ಡ್ ಕೇಳಿದರೆ ಕೊಡಬೇಕಾ? 2021ರಲ್ಲಿ ನಮ್ಮ ಹೈಕೋರ್ಟ್‌ನ ಏಕಸದಸ್ಯ ಪೀಠ ಫೋನ್ ತಪಾಸಣೆಗೆ ಸಾಮಾನ್ಯವಾಗಿ ವಾರಂಟ್ ಬೇಕು ಎಂದಿತ್ತು. ಕೋರ್ಟ್ ಆದೇಶ ಮಾಡಿ ಪಾಸ್‌ವರ್ಡ್ ಕೊಡಿ ಎನ್ನಬಹುದು ಎಂದೂ ಹೇಳಿತ್ತು. ಮರು ವರ್ಷ ದೆಹಲಿಯ ಸಿಬಿಐ ವಿಶೇಷ ಕೋರ್ಟ್ ಇದಕ್ಕೆ ಬೇರೆ ದಿಕ್ಕಿನಲ್ಲಿ ಹೇಳಿತು, ಆರೋಪಿಯನ್ನು ಪಾಸ್‌ವರ್ಡ್ ಹೇಳು ಎಂದು ಬಲವಂತ ಮಾಡುವಂತಿಲ್ಲ ಅಂತ. ಆದ್ದರಿಂದ ಅಲ್ಲಿ ನಿಂತು ವಾದ ಮಾಡಬೇಡಿ, ನನ್ನ ವಕೀಲರ ಜೊತೆ ಮಾತಾಡಿ ಹೇಳುತ್ತೇನೆ ಎನ್ನಿ. ವಕೀಲರ ನಂಬರ್ ಎಲ್ಲಿದೆ? ಫೋನಲ್ಲಿ. ಫೋನ್ ಎಲ್ಲಿದೆ? ಪೌಚಲ್ಲಿ, ಪೌಚ್ ಅವರ ಮೇಜಿನ ಮೇಲೆ. ಬಾಲ್ ಪೆನ್ನಿಂದ ಮೊಣಕೈ ಒಳಗೆ ಎರಡು ನಂಬರ್ ಬರೆದುಕೊಳ್ಳಿ, ಒಂದು ವಕೀಲರದ್ದು, ಒಂದು ಮನೆಯವರದ್ದು. ಸಂಜೆ ಮಳೆ ಬರುವ ಕಾಲ ಆದರೆ ಮಾರ್ಕರ್ ಪೆನ್ನೇ ವಾಸಿ.

2019ರ ಡಿಸೆಂಬರ್ 19 ನೆನಪಿದೆ ಅಲ್ವಾ? ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧ ಪ್ರತಿಭಟನೆ ಇತ್ತು, ಗುಂಪು ಸೇರಬಾರದು ಅಂತ ನಗರಕ್ಕೆ ಸೆಕ್ಷನ್ 144 ಹಾಕಿದ್ದರು, ಟೌನ್ ಹಾಲ್ ಮುಂದೆ ಇತಿಹಾಸಕಾರ ರಾಮಚಂದ್ರ ಗುಹಾ ಅವರನ್ನು ಟಿವಿಯವರ ಎದುರೇ ವಶಕ್ಕೆ ತೆಗೆದುಕೊಂಡರು. 2020ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ಆದೇಶವೇ ಕಾನೂನುಬಾಹಿರ ಎಂದಿತು. ಆದರೆ ಆ ತೀರ್ಪು ಬರುವ ಹೊತ್ತಿಗೆ ಎರಡು ತಿಂಗಳು ಆಗಿತ್ತು, ಅವತ್ತು ಬಸ್ ಹತ್ತಿಸಿಕೊಂಡವರಿಗೆ ಅವತ್ತೇ ಬೇಕಾಗಿದ್ದು ಹೊರಗೆ ಒಬ್ಬರಿಗೆ ಸುದ್ದಿ ಮುಟ್ಟಿಸುವ ದಾರಿ. ಬಂಧಿಸಿದರೆ ಕಾರಣ ಹೇಳಬೇಕು, ನಿಮ್ಮವರಿಗೆ ತಿಳಿಸಬೇಕು, ವಕೀಲರ ಭೇಟಿಗೆ ಅವಕಾಶ ಕೊಡಬೇಕು, ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರು ಮಾಡಬೇಕು. ವಿಶೇಷ ಸಂದರ್ಭ ಬಿಟ್ಟು ಸೂರ್ಯಾಸ್ತದ ಮೇಲೆ ಹೆಂಗಸರನ್ನು ಬಂಧಿಸುವಂತಿಲ್ಲ. ಇದೆಲ್ಲ ಬರೆದಿಟ್ಟದ್ದು, ಈಗ ಸೆಕ್ಷನ್ ನಂಬರ್‌ಗಳು ಬದಲಾಗಿವೆ ಅಷ್ಟೇ. 2024ರ ಜುಲೈ 1ರಿಂದ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಹೊಸ ಸಂಹಿತೆ ಬಂದು ಹಳೇ 144 ಈಗ 163 ಆಗಿದೆ. ಹೊರಗೆ ಇರುವ ಒಬ್ಬರಿಗೆ "ನಾನು ಇಷ್ಟು ಗಂಟೆಗೆ ಮೆಸೇಜ್ ಮಾಡುತ್ತೇನೆ, ಮಾಡದಿದ್ದರೆ ಇವರಿಗೆ ಫೋನ್ ಮಾಡು" ಎಂದು ಹೇಳಿ ಹೋಗಿ. ಪೌಚ್ ಬಳಸುವವರಿಗಂತೂ ಇದು ಬೇಕೇ ಬೇಕು, ಯಾಕೆಂದರೆ ನೀವು ಪೌಚಲ್ಲಿದ್ದೀರೋ ಸ್ಟೇಷನಲ್ಲಿದ್ದೀರೋ ಮನೆಯವರಿಗೆ ಗೊತ್ತಾಗುವುದಿಲ್ಲ, ಎರಡಕ್ಕೂ ಬರುವುದು ಅದೇ "ವ್ಯಾಪ್ತಿ ಪ್ರದೇಶದ ಹೊರಗೆ".

ಗ್ರೂಪ್ ವಿಷಯಕ್ಕೆ ಬರೋಣ. ವಾಟ್ಸಾಪಲ್ಲಿ ನಡುವೆ ಯಾರೂ ಓದಲಾಗದ ಹಾಗೆ ಮೆಸೇಜ್ ಹೋಗುತ್ತದೆ, ನಿಜ. ಆದರೆ ಐನೂರು ಜನರ ಗ್ರೂಪಲ್ಲಿ ನಿಮ್ಮ ನಂಬರ್ ಐನೂರು ಜನರಿಗೂ ಕಾಣುತ್ತದೆ, ಸ್ಕ್ರೀನ್‌ಶಾಟ್ ತೆಗೆಯುವುದಕ್ಕೆ ಒಬ್ಬರು ಸಾಕು. ಬ್ಯಾಕಪ್‌ಗೆ ಬೇರೆ ಪಾಸ್‌ವರ್ಡ್ ಹಾಕದೇ ಇದ್ದರೆ ಗೂಗಲ್ ಡ್ರೈವ್‌ನಲ್ಲಿ ಕೂತ ಪ್ರತಿಗೆ ಆ ರಕ್ಷಣೆಯೂ ಇಲ್ಲ, ಆ ಆಯ್ಕೆ 2021ರಿಂದ ಇದೆ, ಹಾಕಿದವರು ಕಡಿಮೆ. ವಾಟ್ಸಾಪ್ ಥರದ್ದೇ ಇನ್ನೊಂದು ಮೆಸೇಜ್ ಆ್ಯಪ್, ಸಿಗ್ನಲ್ ಅಂತ ಅದರ ಹೆಸರು, ಈ ಕೆಲಸಕ್ಕೆ ಜಾಸ್ತಿ ಹೊಂದುತ್ತದೆ. 2024ರಿಂದ ಅದರಲ್ಲಿ ನಂಬರ್ ಮುಚ್ಚಿಟ್ಟು ಯೂಸರ್‌ನೇಮ್ ಕೊಡಬಹುದು, ಮೆಸೇಜ್ ತಾನಾಗಿ ಅಳಿಸಿಹೋಗುವ ಟೈಮರ್ ಎಲ್ಲ ಮಾತುಕತೆಗೂ ಮೊದಲೇ ಹಾಕಿಡಬಹುದು. ಅಮೆರಿಕದಲ್ಲಿ ಕೋರ್ಟ್ ಮಾಹಿತಿ ಕೇಳಿದಾಗ ಅವರ ಹತ್ತಿರ ಕೊಡುವುದಕ್ಕೆ ಇದ್ದದ್ದು ಖಾತೆ ತೆರೆದ ದಿನ, ಕೊನೆಗೆ ಸಂಪರ್ಕಕ್ಕೆ ಬಂದ ದಿನ, ಅಷ್ಟೇ. ಆದರೂ ಖಾತೆ ತೆರೆಯಲು ಫೋನ್ ನಂಬರ್ ಬೇಕೇ ಬೇಕು, ಇದು ನನಗೆ ಇಷ್ಟವಾಗದ ಸಂಗತಿ. ಮತ್ತೆ ಆಂಟಿಯರು, ಅಂಕಲ್‌ಗಳು ಇನ್ನೊಂದು ಆ್ಯಪ್ ಹಾಕಿಕೊಳ್ಳಿ ಅಂದರೆ ಒಪ್ಪುವುದಿಲ್ಲ, ಅದೂ ನಿಜ. ದೊಡ್ಡ ಗ್ರೂಪಲ್ಲಿ ಜಾಗ, ಸಮಯ ಮಾತ್ರ ಹಾಕಿ. ಯಾರು ಬರುತ್ತಾರೆ, ಯಾರು ಏನು ಮಾಡುತ್ತಾರೆ ಎಂಬುದು ಚಿಕ್ಕ ಗ್ರೂಪಲ್ಲಿ ಇರಲಿ.

ಗೂಗಲ್ ಡಾಕ್ ಬಗ್ಗೆಯೂ ಒಂದು ಮಾತು. 2021ರ ಫೆಬ್ರವರಿಯಲ್ಲಿ ರೈತ ಹೋರಾಟದ ಟೂಲ್‌ಕಿಟ್ ಎಂಬ ಒಂದು ಡಾಕ್ಯುಮೆಂಟ್ ಕಾರಣಕ್ಕೆ ದೆಹಲಿ ಪೊಲೀಸರು ಬೆಂಗಳೂರಿಗೇ ಬಂದು ನಮ್ಮೂರ ಯುವ ಪರಿಸರ ಹೋರಾಟಗಾರ್ತಿಯನ್ನು ಕರೆದುಕೊಂಡು ಹೋದರು. ಜಾಮೀನು ಕೊಡುವಾಗ ದೆಹಲಿಯ ಕೋರ್ಟ್, ವಾಟ್ಸಾಪ್ ಗ್ರೂಪ್ ಮಾಡುವುದಾಗಲಿ ನಿರಪಾಯದ ಟೂಲ್‌ಕಿಟ್ ತಿದ್ದುವುದಾಗಲಿ ಅಪರಾಧ ಅಲ್ಲ ಎಂದಿತು. ಆದರೆ ಆ ಮಾತು ಕೇಳುವ ಹೊತ್ತಿಗೆ ಆಕೆ ಹತ್ತು ದಿನ ಒಳಗಿದ್ದರು. ಯಾರು ಯಾವಾಗ ಏನು ತಿದ್ದಿದರು ಎಂಬ ಇತಿಹಾಸ ಡಾಕ್ ಒಳಗೇ ಉಳಿಯುತ್ತದೆ ಅನ್ನುವುದು ನೆನಪಿರಲಿ.

ಫೋಟೋ ತೆಗೆಯಿರಿ, ಖಂಡಿತ ತೆಗೆಯಿರಿ. 2016ರ ಅಕ್ಟೋಬರ್‌ನಲ್ಲಿ ಸ್ಟೀಲ್ ಫ್ಲೈಓವರ್ ಬೇಡ ಅಂತ ಜನ ಕೈ ಕೈ ಹಿಡಿದು ನಿಂತ ಚಿತ್ರಗಳು ಊರೆಲ್ಲ ಓಡಾಡದೇ ಇದ್ದಿದ್ದರೆ ಮರು ವರ್ಷ ಆ ಯೋಜನೆ ಕೈಬಿಡುತ್ತಿದ್ದರೋ ಇಲ್ಲವೋ. ಆದರೆ ಹಿಂದಿನಿಂದ ತೆಗೆಯಿರಿ, ಫಲಕ ತೆಗೆಯಿರಿ, ಜನಸಾಗರ ತೆಗೆಯಿರಿ. ಪಕ್ಕದಲ್ಲಿ ನಿಂತ ಹುಡುಗಿ ಮನೆಯಲ್ಲಿ ಲೈಬ್ರರಿಗೆ ಹೋಗುತ್ತೇನೆ ಅಂತ ಹೇಳಿ ಬಂದಿರಬಹುದು. ಸಿಗ್ನಲ್ ಆ್ಯಪಲ್ಲಿ ಫೋಟೋ ಕಳಿಸುವ ಮುಂಚೆ ಮುಖ ಮಸುಕು ಮಾಡುವ ಸೌಲಭ್ಯ 2020ರಿಂದ ಇದೆ, ಒಂದು ಒತ್ತಿದರೆ ಮುಖಗಳನ್ನು ತಾನೇ ಹುಡುಕುತ್ತದೆ, ತಪ್ಪಿಸಿಕೊಂಡವರನ್ನು ಬೆರಳಿಂದ ಒರೆಸಬೇಕು. ವಾಟ್ಸಾಪಲ್ಲಿ ಫೋಟೋ ಆಗಿ ಕಳಿಸಿದರೆ ಅದರೊಳಗೆ ಅಡಗಿರುವ ಜಾಗದ ವಿವರ ಹೋಗುವುದಿಲ್ಲ, ಕ್ಲಾರಿಟಿ ಚೆನ್ನಾಗಿರಲಿ ಅಂತ ಡಾಕ್ಯುಮೆಂಟ್ ಆಗಿ ಕಳಿಸಿದರೆ ಹೋಗುತ್ತದೆ. ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಿಬಿಟ್ಟರೆ ಆ ತಲೆನೋವೇ ಇಲ್ಲ. ಅಲ್ಲಿಂದಲೇ ಲೈವ್ ಹೋಗುವವರಿಗೆ ಮಾತ್ರ ನನ್ನದು ಕೈ ಮುಗಿಯುವ ಕೋರಿಕೆ, ಸುಮ್ನೆ ಎಲ್ಲರ ಮುಖದ ಮೇಲೆ ಕ್ಯಾಮೆರಾ ಓಡಿಸಬೇಡಿ ಮಾರಾಯ್ರೇ.

"ನಾನೇನು ತಪ್ಪು ಮಾಡಿದ್ದೀನಿ, ಮುಚ್ಚಿಡೋಕೆ ಏನಿದೆ" ಅನ್ನುವವರು ಪ್ರತಿ ಸಲ ಸಿಗುತ್ತಾರೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ಕೇಸಿನ ಅರ್ಜಿದಾರರು ಯಾರು ಗೊತ್ತಲ್ಲ? ನಮ್ಮ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. 2012ರಲ್ಲಿ ಆಧಾರ್ ವಿರುದ್ಧ ಅರ್ಜಿ ಹಾಕುವಾಗ ಅವರಿಗೆ ಎಂಬತ್ತು ದಾಟಿತ್ತು. ಅವರು ಮುಚ್ಚಿಡಬೇಕಾದ ತಪ್ಪೇನು ಮಾಡಿದ್ದರು ಹೇಳಿ?

ಮತ್ತೆ ಪೌಚಿಗೆ. ಯಾರಿಗೆ ಬೇಕು? ಒಂದು, ಪತ್ರಕರ್ತರು ಮತ್ತು ಸಂಘಟಕರು, ತಮ್ಮನ್ನು ಭೇಟಿ ಮಾಡುವವರ ಗುರುತು ಕಾಪಾಡಬೇಕಾದವರು. ಇಬ್ಬರ ಫೋನ್ ಒಂದೇ ಹೊತ್ತಿಗೆ ಒಂದೇ ಕಡೆ ಇತ್ತು ಅನ್ನುವುದೇ ಅಲ್ಲಿ ಅಪಾಯ. ಎರಡು, ಫೋನ್ ಜೊತೆಗೆ ಬೇಕೇ ಬೇಕು, ಆದರೆ ತುರ್ತಿಗೆ ಮಾತ್ರ ತೆಗೆಯುತ್ತೇನೆ ಎನ್ನುವ ಶಿಸ್ತು ಇರುವವರು. ಉಳಿದವರಿಗೆ ಪಿನ್ನು, ಚಿಲ್ಲರೆ, ಮಾರ್ಕರ್ ಪೆನ್ನು ಸಾಕು. ಕೂತು ಹಾಡು ಹೇಳಿ, ಘೋಷಣೆ ಕೂಗಿ, ಮನವಿ ಪತ್ರ ಕೊಟ್ಟು ಬರುವ ಅನುಮತಿ ಪಡೆದ ಸಭೆಗೆ ಹೋಗುವ ಅಮ್ಮಂದಿರಿಗೆ ಇದನ್ನು ಕೊಡಿಸಬೇಡಿ, ಗಾಬರಿ ಜಾಸ್ತಿ ಆಗುತ್ತದೆ, ಮನೆಯವರಿಗೆ ಫೋನ್ ಸಿಗದೆ ಇನ್ನೂ ಜಾಸ್ತಿ.

ಬಾಳಿಕೆ ಬಗ್ಗೆ: ದಿನಾ ಒಂದೇ ಕಡೆ ಮಡಚಿ ಮಡಚಿ ಆ ಗೆರೆಯಲ್ಲಿ ಲೋಹದ ಲೇಪ ಸವೆಯುತ್ತದೆ. ನನ್ನದರಲ್ಲಿ ಮಡಿಕೆಯ ಮೂಲೆ ಆಗಲೇ ಹೊಳಪು ಕಳೆದುಕೊಂಡಿದೆ, ಬ್ಲೂಟೂತ್ ಪರೀಕ್ಷೆಯಲ್ಲಿ ಇನ್ನೂ ಪಾಸಾಗುತ್ತಿದೆ. ಹೋಗುವ ಹಿಂದಿನ ದಿನ ಒಂದು ಸಲ ಹಾಡು ಹಾಕಿ ನೋಡಿಕೊಳ್ಳುವುದು ಒಳ್ಳೆಯದು. ವಾಷಿಂಗ್ ಮೆಷಿನ್‌ಗೆ ಹಾಕಬೇಡಿ, ಒದ್ದೆಯಾದರೆ ನೆರಳಲ್ಲಿ ಒಣಗಿಸಿ. ವೆಲ್ಕ್ರೋ ಶಬ್ದ ವಿಪರೀತ, ಮೌನಾಚರಣೆ ಹೊತ್ತಲ್ಲಿ ತೆಗೆದರೆ ಎಲ್ಲರೂ ತಿರುಗಿ ನೋಡುತ್ತಾರೆ. ಐದರಲ್ಲಿ ಮೂರೂವರೆ ಸ್ಟಾರ್. ತೆಗೆದುಕೊಳ್ಳುವುದಾದರೆ ದೊಡ್ಡ ಸೈಜೇ ತೆಗೆದುಕೊಳ್ಳಿ, ವಾಪಸ್ ಕೊಡುವ ಅವಕಾಶ ಇರುವ ಕಡೆಯಿಂದಲೇ ತರಿಸಿ, ಬಂದ ದಿನವೇ ಪರೀಕ್ಷೆ ಮಾಡಿ.